ಹಳ್ಳದ ಗಿರ್ಲು ಮೀನು ಗಾಜಿನ ತೊಟ್ಟಿಯಲ್ಲಿ ಬದುಕುತ್ತದೆಯೇ?

ಪ್ರಶ್ನೆ: ನಮ್ಮದು ಶಿರಸಿ ತಾಲೂಕಿನ ತೋಟದ ಮನೆ. ಮನೆಯಲ್ಲಿ ಮೀನು ತಿನ್ನುವವರಿಲ್ಲ, ಹಾಗಾಗಿ ಮೀನಿನ ವಿಷಯ ನಮಗೆ ಏನೂ ಗೊತ್ತಿಲ್ಲ. ಏಳನೇ ತರಗತಿ ಓದುವ ನಮ್ಮ ಮಾಣಿಗೆ ಮೀನು ಸಾಕುವ ಹುಚ್ಚು. ಜುಲೈ ಮೊದಲ ವಾರ ತೋಟದ ಕಾದಿಗೆಗೆ (ನೀರು ಹರಿಯುವ ಕಾಲುವೆಗೆ) ಕೆಲಸದವರು ಇಟ್ಟ ಕೂಳಿಯಲ್ಲಿ, ಅಂದರೆ ಮೀನು ಹಿಡಿಯುವ ಬುಟ್ಟಿಯಲ್ಲಿ, ಐದು ಸಣ್ಣ ಮೀಸೆ ಮೀನು ಸಿಕ್ಕವು. ಬೆರಳುದ್ದ, ಬದಿಗೆ ಗೆರೆ, ಕಿವಿರಿನ ಹಿಂದೆ ಕಪ್ಪು ಚುಕ್ಕೆ, ಬಾಲ ಕವಲು. ಹಳ್ಳದ ಕಲ್ಲಿನ ಅಡಿಯಲ್ಲಿ ಇನ್ನೊಂದು ಸಿಕ್ಕಿತು. ಅದರ ಹೊಟ್ಟೆ ಚಪ್ಪಟೆ, ಗಾಜಿಗೆ ಅಂಟಿಕೊಂಡೇ ಇರುತ್ತಿತ್ತು. ಪೇಟೆಯಿಂದ ಎರಡು ಅಡಿ ಉದ್ದದ ಗಾಜಿನ ತೊಟ್ಟಿ, ಬಣ್ಣದ ಕಲ್ಲು, ಲೈಟು ತಂದೆವು. ತೊಟ್ಟಿ ತೊಳೆಯುತ್ತದೆ ಎಂದು ಅಂಗಡಿಯವರು ಒಂದು ಸಕ್ಕರ್ ಮೀನನ್ನೂ ಕೊಟ್ಟರು. ಗುಡ್ಡದಿಂದ ಹರಿದು ಬರುವ ಅಬ್ಬಿ ನೀರನ್ನು ಬಚ್ಚಲ ಹಂಡೆಯಲ್ಲಿ ಒಂದು ರಾತ್ರಿ ಇಟ್ಟು ತುಂಬಿಸಿದೆವು. ಅಂಟಿಕೊಳ್ಳುವ ಮೀನು ಮೊದಲ ರಾತ್ರಿಯೇ ಸತ್ತಿತು. ನೀರು ಮಸುಕಾಯಿತೆಂದು ಮೂರನೇ ದಿನ ಪೂರ್ತಿ ಚೆಲ್ಲಿ, ಕಲ್ಲುಗಳನ್ನೂ ತಿಕ್ಕಿ ತೊಳೆದೆವು. ನಾಲ್ಕನೇ ದಿನ ಒಂದು, ಆರನೇ ದಿನ ಇನ್ನೊಂದು ಹೋಯಿತು. ಉಳಿದ ಮೂರು ಹಗಲೆಲ್ಲ ಮೂಲೆಯಲ್ಲಿ ಅಡಗಿರುತ್ತವೆ. ಬೆಳಗ್ಗೆ ಮೇಲೆ ಬಂದು ಬಾಯಿ ಬಿಡುತ್ತವೆ. ಮೀಸೆಯೂ ಗಿಡ್ಡವಾದ ಹಾಗೆ ಕಾಣುತ್ತದೆ. ತಿನ್ನಲು ಅನ್ನ, ಬ್ರೆಡ್ ಹಾಕುತ್ತಿದ್ದೇವೆ. ಮೀನು ಎತ್ತಿ ಹಾಕುವಾಗ ನನ್ನ ಬೆರಳಿಗೆ ಮುಳ್ಳು ಚುಚ್ಚಿ ಎರಡು ದಿನ ಬಾವು ಇತ್ತು. ಇವು ಚೇಳು ಮೀನಿನ ಮರಿಗಳೇ? ಕಾಡಿನ ಮೀನು ಮನೆಯಲ್ಲಿ ಬದುಕುವುದೇ ಇಲ್ಲ ಎನ್ನುತ್ತಾರೆ, ಹೌದೇ? ವಾಪಸ್ ಹಳ್ಳಕ್ಕೆ ಬಿಡಬೇಕೇ?

ಉತ್ತರ: ಇಷ್ಟು ವಿವರವಾಗಿ ಬರೆದಿದ್ದಕ್ಕೆ ಮೊದಲು ನಿಮಗೆ ಧನ್ಯವಾದ. ಹಂಡೆಯ ವಿಷಯ ಬರೆಯದೇ ಇದ್ದಿದ್ದರೆ ನಾನು ಬೇರೇನೋ ಹೇಳುತ್ತಿದ್ದೆ. ಉಳಿದ ಮೂರನ್ನು ಉಳಿಸಿಕೊಳ್ಳಬಹುದು. ಆದರೆ ಕೆಲಸ ಇವತ್ತೇ ಶುರುವಾಗಬೇಕು. ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ, ಕಾರಣ ಆಮೇಲೆ.

ಇವತ್ತು ತೊಟ್ಟಿಯ ಮೂರನೇ ಒಂದು ಭಾಗ ನೀರು ತೆಗೆದು ಹೊಸ ನೀರು ಹಾಕಿ. ಆ ನೀರು ಹಂಡೆಯದ್ದಾಗಬಾರದು. ಅಬ್ಬಿಯಿಂದ ನೇರವಾಗಿ ಪ್ಲಾಸ್ಟಿಕ್ ಬಕೆಟ್ಟಿಗೆ ಹಿಡಿಯಿರಿ. ಒಂದು ಬಕೆಟ್ಟಿನಿಂದ ಇನ್ನೊಂದಕ್ಕೆ ಎತ್ತರದಿಂದ ಏಳೆಂಟು ಸಲ ಸುರಿದು, ತೊಟ್ಟಿಯ ನೀರಿನಷ್ಟೇ ತಂಪಾದ ಮೇಲೆ ನಿಧಾನಕ್ಕೆ ಹಾಕಿ. ಬಕೆಟ್ಟು ಮೀನಿಗೆಂದೇ ಬೇರೆ ಇರಲಿ. ಔಷಧಿ ಹೊಡೆಯಲು ಬಳಸಿದ್ದು ಖಂಡಿತ ಬೇಡ. ಎರಡು ದಿನ ಏನೂ ತಿನ್ನಲು ಹಾಕಬೇಡಿ, ಹಸಿವಿನಿಂದ ಅವು ಸಾಯುವುದಿಲ್ಲ. ತಳದಲ್ಲಿ ಕೂತ ಅನ್ನದ ಅಗುಳನ್ನೆಲ್ಲ ಸಣ್ಣ ಪೈಪು ಹಾಕಿ ಎಳೆದು ತೆಗೆಯಿರಿ. ಲೈಟು ಆರಿಸಿ. ಏರ್ ಪಂಪ್ ಇಲ್ಲದಿದ್ದರೆ ಇವತ್ತೇ ತರಿಸಿ, ಹಗಲು ರಾತ್ರಿ ನಡೆಯಲಿ. ಇನ್ನು ಎರಡು ವಾರ ಪ್ರತಿದಿನ ಕಾಲು ಭಾಗ ನೀರು ಹೀಗೆ ಬದಲಿಸುತ್ತಾ ಹೋಗಿ. ಪೂರ್ತಿ ಚೆಲ್ಲಿ ತೊಳೆಯುವುದು ಮಾತ್ರ ಬೇಡ.

ಈಗ, ನಿಮ್ಮ ಮೀನು ಯಾವುದು? ಗೆರೆ, ಚುಕ್ಕೆ, ಕವಲು ಬಾಲ, ಬೆನ್ನಿನ ಮುಳ್ಳು ನೋಡಿದರೆ ಕಾದಿಗೆಯ ಐದೂ ಗಿರ್ಲು. ವಿಜ್ಞಾನದಲ್ಲಿ ಮಿಸ್ಟಸ್ ಎಂಬ ಕುಲ. ಬಾಯಿಯ ಸುತ್ತ ನಾಲ್ಕು ಜೊತೆ ಮೀಸೆ ಇರುತ್ತದೆ, ಒಂದು ಜೊತೆ ಬಹಳ ಉದ್ದ. ಕೈಯಲ್ಲಿ ಹಿಡಿದರೆ ಎದೆಯ ಮುಳ್ಳನ್ನು ತಿರುಗಿಸಿ ಗಿರ್ ಗಿರ್ ಎಂದು ಸದ್ದು ಮಾಡುತ್ತದೆ. ಮಾಣಿ ಕೇಳಿರಬಹುದು. ಚೇಳು ಮೀನು ಬೇರೆಯೇ. ಅದು ಹಾವಿನ ಹಾಗೆ ಉದ್ದ, ಕಂದುಗಪ್ಪು, ಬಾಲ ದುಂಡಗೆ, ಬೆನ್ನಿನ ರೆಕ್ಕೆ ಚಿಕ್ಕದು ಮತ್ತು ಅದರಲ್ಲಿ ಮುಳ್ಳಿಲ್ಲ. ಎದೆಯ ಮುಳ್ಳು ಮಾತ್ರ ಭಾರೀ ವಿಷದ್ದು. ಮುಗುಡು ಎಂಬ ಇನ್ನೊಂದು ಮೀಸೆ ಮೀನಿಗಾದರೆ ಬೆನ್ನಿನ ಉದ್ದಕ್ಕೂ ರೆಕ್ಕೆ. ನಿಮ್ಮಲ್ಲಿರುವುದು ಎರಡೂ ಅಲ್ಲ.

ಹಾಗೆಂದು ಗಿರ್ಲಿನ ಮುಳ್ಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೆನ್ನಿನ ಒಂದು, ಎದೆಯ ಎರಡು ಮುಳ್ಳನ್ನು ಅದು ನೆಟ್ಟಗೆ ನಿಲ್ಲಿಸಿ ಬೀಗ ಹಾಕಿದಂತೆ ಬಿಗಿ ಮಾಡುತ್ತದೆ. ಮೀಸೆ ಮೀನುಗಳಲ್ಲಿ ಅನೇಕಕ್ಕೆ ಮುಳ್ಳನ್ನು ಸುತ್ತಿದ ಚರ್ಮದಲ್ಲಿ ವಿಷ ಇರುತ್ತದೆ. ಚುಚ್ಚಿದರೆ ಸುಣ್ಣ ಹಚ್ಚುವವರಿದ್ದಾರೆ, ಅದೇ ಮೀನಿನ ಲೋಳೆ ಸವರುವವರೂ ಇದ್ದಾರೆ. ಎರಡೂ ಬೇಡ, ಲೋಳೆಯಿಂದ ಗಾಯ ಕೀವಾಗಬಹುದು. ಈ ವಿಷ ಬಿಸಿಗೆ ಕೆಡುವಂಥದ್ದು. ಸೋಪಿನಿಂದ ತೊಳೆದು, ಮುಳ್ಳಿನ ಚೂರು ಇದ್ದರೆ ತೆಗೆದು, ತಡೆಯುವಷ್ಟು ಬಿಸಿ ನೀರಿನಲ್ಲಿ, ಅಂದರೆ 40ರಿಂದ 45 ಡಿಗ್ರಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಡಿ. ನೀರಿನ ಬಿಸಿಯನ್ನು ಚುಚ್ಚದ ಕೈಯಿಂದ ನೋಡಬೇಕು. ಚುಚ್ಚಿದ ಕೈಗೆ ನೋವಿನಲ್ಲಿ ಬಿಸಿ ತಿಳಿಯದೆ ಚರ್ಮ ಸುಟ್ಟುಕೊಂಡವರನ್ನು ನೋಡಿದ್ದೇನೆ. ಟಿಟಿ ಇಂಜೆಕ್ಷನ್ ಆಗಿ ಬಹಳ ವರ್ಷವಾಗಿದ್ದರೆ ವೈದ್ಯರಲ್ಲಿ ಹೋಗಿ. ಬಾವು ಏರುತ್ತಾ ಹೋದರೆ, ಜ್ವರ ಬಂದರೆ, ಸಕ್ಕರೆ ಕಾಯಿಲೆ ಇದ್ದರೆ ತಡ ಮಾಡಬಾರದು. ಇನ್ನು ಮೇಲೆ ಬಲೆಯಲ್ಲೂ ಹಿಡಿಯಬೇಡಿ, ಮುಳ್ಳು ಬಲೆಗೆ ಸಿಕ್ಕಿ ಮೀನು ನರಳುತ್ತದೆ. ಅಗಲ ಬಾಯಿಯ ಡಬ್ಬಿಯೊಳಗೆ ಮೆಲ್ಲಗೆ ಓಡಿಸಿ, ನೀರಿನ ಸಮೇತ ಎತ್ತಿ.

ಮೊದಲ ರಾತ್ರಿ ಸತ್ತ ಮೀನಿನ ಕತೆ ಬೇರೆ. ಚಪ್ಪಟೆ ಹೊಟ್ಟೆ, ಕಲ್ಲಿನ ಅಡಿ ವಾಸ, ಗಾಜಿಗೆ ಅಂಟುವುದು ಎಂದರೆ ಅದು ಗ್ಲಿಪ್ಟೊಥೊರಾಕ್ಸ್ ಎಂಬ ಕುಲದ್ದಿರಬೇಕು. ಅದರ ಎದೆಯ ಮೇಲೆ ಚರ್ಮದ ನಿರಿಗೆಗಳ ಒಂದು ಪಟ್ಟಿ ಇದೆ. ಅದರಿಂದಲೇ ಅದು ರಭಸದ ನೀರಿನಲ್ಲಿ ಬಂಡೆಗೆ ಕಚ್ಚಿಕೊಂಡಿರುತ್ತದೆ. ಮಳೆಗಾಲದಲ್ಲಿ ಶಾಲ್ಮಲೆಯ ಬಂಡೆಗಳ ನಡುವೆ ನೀರು ಹೇಗೆ ನೊರೆಯಾಗಿ ಇಳಿಯುತ್ತದೆ, ನೀವು ನೋಡಿರುತ್ತೀರಿ ಅಲ್ವಾ? ಆ ನೊರೆ ಎಂದರೆ ನೀರಿನಲ್ಲಿ ಬೆರೆತ ಗಾಳಿ. ಈ ಮೀನು ಹುಟ್ಟಿದಾಗಿನಿಂದ ಉಸಿರಾಡಿದ್ದು ಆ ನೀರನ್ನು. ನಿಂತ ನೀರಿನಲ್ಲಿ, ಪಂಪು ಇಲ್ಲದ ತೊಟ್ಟಿಯಲ್ಲಿ ಅದಕ್ಕೆ ಉಸಿರು ಸಾಲುವುದಿಲ್ಲ. ಕಾಲೇಜು ದಿನಗಳಲ್ಲಿ ನಾನೂ ಇಂಥ ನಾಲ್ಕು ಮೀನು ತಂದಿದ್ದೆ, ಪಂಪು ಹಾಕಿಯೇ ಇಟ್ಟಿದ್ದೆ. ಒಂದು ರಾತ್ರಿ ಕರೆಂಟ್ ಹೋಯಿತು. ಬೆಳಗ್ಗೆ ನಾಲ್ಕೂ ತಳದಲ್ಲಿ ಬಿದ್ದಿದ್ದವು. ಆ ಬೆಳಗ್ಗೆ ಇನ್ನೂ ನನ್ನ ಕಣ್ಣ ಮುಂದಿದೆ. ಅಂದಿನಿಂದ ಈ ಜಾತಿಯನ್ನು ಮನೆಗೆ ತನ್ನಿ ಎಂದು ನಾನು ಯಾರಿಗೂ ಹೇಳಿಲ್ಲ. ಅದು ಹಳ್ಳದಲ್ಲೇ ಇರಲಿ.

ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಇರುತ್ತದೆ, 30 ಡಿಗ್ರಿಯಲ್ಲಿ ಏಳೂವರೆಗೆ ಇಳಿಯುತ್ತದೆ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ, ನೀರು ತಂಪು, ನಿಮಗೆ ಇದರಲ್ಲಿ ಅನುಕೂಲ. ಕಾರವಾರ, ಅಂಕೋಲಾ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ತೊಟ್ಟಿ ನೀರು 30 ದಾಟುತ್ತದೆ, ಕಡಲ ಹತ್ತಿರದ ಎಷ್ಟೋ ಬಾವಿ ಆಗ ಉಪ್ಪಾಗುತ್ತದೆ. ಘಟ್ಟದ ಹಳ್ಳದ ಮೀನನ್ನು ಅಲ್ಲಿ ಬೇಸಿಗೆ ದಾಟಿಸುವುದು ಕಷ್ಟ.

ನಾಲ್ಕನೇ, ಆರನೇ ದಿನದ ಸಾವಿಗೆ ಎರಡು ಕಾರಣ ಕಾಣುತ್ತದೆ. ಒಂದು ನಿಮ್ಮ ಹಂಡೆ. ಬಚ್ಚಲ ಹಂಡೆ ತಾಮ್ರದ್ದು ತಾನೇ? ನೀರನ್ನು ಒಂದು ರಾತ್ರಿ ಇಟ್ಟು ಹಾಕಬೇಕು ಎಂಬ ಮಾತು ಪೇಟೆಯ ನಲ್ಲಿ ನೀರಿಗೆ ಸರಿ. ಅದರ ಕ್ಲೋರಿನ್ ಹಾರಿಹೋಗಲಿ ಎಂದು ಹಾಗೆ ಇಡುತ್ತಾರೆ. ಅಬ್ಬಿ ನೀರಿನಲ್ಲಿ ಕ್ಲೋರಿನ್ ಇಲ್ಲ. ಬದಲಿಗೆ ನಮ್ಮ ಜಂಬಿಟ್ಟಿಗೆ ನೆಲದ ನೀರು ಮೆದು (ಸುಣ್ಣದಂಥ ಲವಣ ಕಡಿಮೆ), ಸ್ವಲ್ಪ ಹುಳಿ (ಆಮ್ಲೀಯ). ಅಂಥ ನೀರು ತಾಮ್ರದ ಪಾತ್ರೆಯಲ್ಲಿ ರಾತ್ರಿಯಿಡೀ ಕೂತರೆ ತಾಮ್ರ ನೀರಿಗೆ ಬಿಡುತ್ತದೆ. ನಾವು ಆ ನೀರು ಕುಡಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮೀನು ಕಿವಿರಿನ ಮೂಲಕ ಹಗಲು ರಾತ್ರಿ ಅದರಲ್ಲೇ ಉಸಿರಾಡಬೇಕು. ತಾಮ್ರ ಕಿವಿರನ್ನು ಕೆಡಿಸುತ್ತದೆ, ನೀರು ಮೆದುವಾದಷ್ಟೂ ಅದರ ಪೆಟ್ಟು ಜಾಸ್ತಿ. ಮೀಸೆ ಮೀನಿಗೆ ಮೈ ಮೇಲೆ ಹುರುಪೆಯೂ ಇಲ್ಲ, ಬರಿ ಚರ್ಮ. ಆದ್ದರಿಂದಲೇ ಅಂಗಡಿಯ ಔಷಧಿಗಳನ್ನು ಇವಕ್ಕೆ ಪೂರ್ತಿ ಪ್ರಮಾಣದಲ್ಲಿ ಹಾಕಬಾರದು. ತಾಮ್ರ ಇರುವ ಔಷಧಿಯಂತೂ ಬೇಡವೇ ಬೇಡ.

ತೋಟದವರಿಗೆ ಈ ತಾಮ್ರ ಇನ್ನೊಂದು ದಾರಿಯಲ್ಲೂ ಬರುತ್ತದೆ. ಅಡಿಕೆಯ ಕೊಳೆ ರೋಗದ ಔಷಧಿಗೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಕಲಸುತ್ತೀರಿ. ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟ್. ಅದನ್ನು ಕಲಸಿದ ಬಕೆಟ್ಟು, ಡ್ರಮ್ಮು ಎಷ್ಟು ತೊಳೆದರೂ ಮೀನಿನ ನೀರಿಗೆ ಆಗದು. ಔಷಧಿ ಹೊಡೆದ ಮೇಲೆ ಬಂದ ಮಳೆಯಲ್ಲಿ ಕಾದಿಗೆಯ ನೀರನ್ನೂ ತೊಟ್ಟಿಗೆ ತರಬೇಡಿ. ಬಾವಿ ನೀರು ಬಳಸುವವರು ಇನ್ನೊಂದು ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿದ್ದರೆ ಕೆಲವು ದಿನ ಆ ನೀರು ಮೀನಿಗೆ ಬೇಡ.

ಎರಡನೇ ಕಾರಣ ಹೊಸ ತೊಟ್ಟಿಯದ್ದು. ಹತ್ತು ಮನೆಯವರು ಮೀನು ಸಾಯಿಸಿಕೊಂಡರೆ ಎಂಟು ಮನೆಯಲ್ಲಿ ಇದೇ ಕಾರಣ ನನಗೆ ಸಿಕ್ಕಿದೆ. ಮೀನು ಕಿವಿರಿನಿಂದ ಅಮೋನಿಯ ಬಿಡುತ್ತಲೇ ಇರುತ್ತದೆ. ಕೊಳೆತ ಅನ್ನ, ಬ್ರೆಡ್ಡಿನಿಂದಲೂ ಅದೇ ಹುಟ್ಟುತ್ತದೆ. ಹಳ್ಳದಲ್ಲಿ ಅದು ಹರಿದು ಹೋಗುತ್ತದೆ. ತೊಟ್ಟಿಯಲ್ಲಿ ಎಲ್ಲಿಗೆ ಹೋಗಬೇಕು? ಕಲ್ಲು, ಮರಳು, ಫಿಲ್ಟರಿನ ಸ್ಪಂಜಿನ ಮೇಲೆ ಎರಡು ಬಗೆಯ ಬ್ಯಾಕ್ಟೀರಿಯಾ ಬೆಳೆಯಬೇಕು. ಒಂದು ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ, ಅದು ಅಷ್ಟು ಕೆಟ್ಟದ್ದಲ್ಲ. ಇವು ತುಂಬಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನೀವು ಮೂರನೇ ದಿನ ಎಲ್ಲವನ್ನೂ ತಿಕ್ಕಿ ತೊಳೆದಾಗ ಆಗಷ್ಟೇ ಚಿಗುರುತ್ತಿದ್ದ ಬ್ಯಾಕ್ಟೀರಿಯಾವೂ ಹೋಯಿತು. ಮಸುಕು ನೀರು ಕಂಡು ಗಾಬರಿಯಾಗಿ ತೊಳೆಯುವುದು ಸಹಜ, ನಿಮ್ಮನ್ನು ದೂರುತ್ತಿಲ್ಲ. ಹೊಸ ತೊಟ್ಟಿಯಲ್ಲಿ ಅಂಥ ಮಸುಕು ಬರುತ್ತದೆ, ತಾನಾಗಿ ತಿಳಿಯಾಗುತ್ತದೆ. ಸ್ಪಂಜನ್ನು ತೊಳೆಯಲೇಬೇಕಾದರೆ ತೊಟ್ಟಿಯಿಂದ ತೆಗೆದ ಹಳೆ ನೀರಿನಲ್ಲೇ ಹಿಂಡಿ ಹಾಕಿ. ಅಮೋನಿಯ ಅಳೆಯುವ ಸಣ್ಣ ಕಿಟ್ ಅಕ್ವೇರಿಯಂ ಅಂಗಡಿಯಲ್ಲಿ ಸಿಗುತ್ತದೆ. ಬಣ್ಣದ ಕಲ್ಲಿಗೆ ಕೊಟ್ಟ ದುಡ್ಡಿಗಿಂತ ಅದಕ್ಕೆ ಕೊಟ್ಟ ದುಡ್ಡು ಉಪಯೋಗಕ್ಕೆ ಬರುತ್ತದೆ.

ಮೀಸೆ ಗಿಡ್ಡವಾಗಿದ್ದು ಆ ಬಣ್ಣದ ಕಲ್ಲಿನಿಂದಲೂ ಇರಬಹುದು. ಗಿರ್ಲು ತಳವನ್ನು ಮೀಸೆಯಿಂದ ತಡವುತ್ತಾ ಆಹಾರ ಹುಡುಕುತ್ತದೆ, ಮೀಸೆಯೇ ಅದರ ನಾಲಿಗೆ ಇದ್ದ ಹಾಗೆ. ಚೂಪು ಕಲ್ಲಿಗೆ ಉಜ್ಜಿ ಗಾಯವಾಗಿ, ಕೊಳಕು ತಳದಲ್ಲಿ ಆ ಗಾಯ ಕೊಳೆಯುತ್ತದೆ. ಬುಡ ಉಳಿದಿದ್ದರೆ ಮತ್ತೆ ಬೆಳೆಯುತ್ತದೆ. ಬಣ್ಣದ ಕಲ್ಲನ್ನು ಎರಡು ಮೂರು ಸಲಕ್ಕೆ ಸ್ವಲ್ಪ ಸ್ವಲ್ಪವೇ ತೆಗೆದು ತೊಳೆದ ಹೊಳೆ ಮರಳು ಹಾಕಿ. ಮೇಲೆ ನುಣುಪಾದ ಹಳ್ಳದ ಕಲ್ಲು ನಾಲ್ಕು ಇಟ್ಟು ಗುಹೆ ಮಾಡಿ. ಬಳಸದ ಪಿವಿಸಿ ಪೈಪಿನ ತುಂಡೂ ಆದೀತು, ಒಂದು ಮೀನಿಗೆ ಒಂದರಂತೆ ಇರಲಿ.

ಕಾಡಿನ ಮೀನು ಮನೆಯಲ್ಲಿ ಬದುಕುವುದೇ ಇಲ್ಲ ಎಂಬುದು ಹಾಗಾದರೆ ಪೂರ್ತಿ ನಿಜವಲ್ಲ. ಗಿರ್ಲು ಗಟ್ಟಿ ಮೀನು. ಕಾದಿಗೆ, ಗದ್ದೆ, ಕೆರೆ ಎಲ್ಲ ಕಡೆ ಬದುಕುತ್ತದೆ. ಸರಿಯಾದ ತೊಟ್ಟಿಯಲ್ಲಿ ವರ್ಷಗಟ್ಟಲೆ ಇರುತ್ತದೆ. ನಿಮ್ಮ ಎರಡು ಅಡಿ ತೊಟ್ಟಿ ಒಂದೊಂದು ಅಡಿ ಅಗಲ, ಎತ್ತರ ಇದ್ದರೆ ಹಿಡಿಯುವುದು ಬರಿ 55 ಲೀಟರಿನಷ್ಟು. ಬೆರಳುದ್ದದ ಮೂರಕ್ಕೆ ಸದ್ಯಕ್ಕೆ ಸಾಕು. ಬೆಳೆದ ಮೇಲೆ ಅವು ಗೇಣುದ್ದಕ್ಕೆ ಹತ್ತಿರವಾಗುತ್ತವೆ. ಆಗ ಮೂರು ಅಡಿ ಉದ್ದ, ಒಂದೂಕಾಲು ಅಡಿ ಅಗಲದ, 130 ಲೀಟರಿನ ತೊಟ್ಟಿ ಬೇಕಾಗುತ್ತದೆ. ನೀರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯುವಂತೆ, ಗಂಟೆಗೆ 700ರಿಂದ 800 ಲೀಟರ್ ತಿರುಗಿಸುವ ಫಿಲ್ಟರ್ ಹಾಕಿ. ಮೇಲೆ ಮುಚ್ಚಳ ಬೇಕೇ ಬೇಕು, ಮಳೆ ರಾತ್ರಿಗಳಲ್ಲಿ ಅವು ಹಾರುತ್ತವೆ. ಗಪ್ಪಿಯಂಥ ಸಣ್ಣ ಮೀನು ಜೊತೆಗೆ ಹಾಕಿದರೆ ರಾತ್ರಿ ಅವು ಗಿರ್ಲಿನ ಊಟವಾಗುತ್ತವೆ.

ನಮ್ಮ ಕಡೆ ಮಳೆಗಾಲದ ಕರೆಂಟ್ ನಿಮಗೆ ಹೇಳಬೇಕಾಗಿಲ್ಲ. ಮರ ಬಿದ್ದರೆ ಎರಡು ದಿನ ಬರುವುದಿಲ್ಲ. ಸಣ್ಣ ಏರ್ ಪಂಪ್ ಐದು ವ್ಯಾಟ್‌ಗಿಂತ ಜಾಸ್ತಿ ಎಳೆಯುವುದಿಲ್ಲ, ಇನ್ವರ್ಟರ್ ಲೈನಿಗೆ ಹಾಕಿಸಿ. ಅದರಿಂದಲೇ ನಡೆಯುವ ಸ್ಪಂಜ್ ಫಿಲ್ಟರ್ ಒಂದು ಇಟ್ಟರೆ ಬ್ಯಾಕ್ಟೀರಿಯಾವೂ ಉಳಿಯುತ್ತದೆ. ಏನೂ ಇಲ್ಲದಿದ್ದರೆ ಚೊಂಬಿನಲ್ಲಿ ನೀರೆತ್ತಿ ಎತ್ತರದಿಂದ ಅದೇ ತೊಟ್ಟಿಗೆ ಸುರಿಯುತ್ತಿರಿ. ಅದು ಕೂಡ ಜೀವ ಉಳಿಸುತ್ತದೆ.

ತಿನ್ನಲು ಅನ್ನ, ಬ್ರೆಡ್ ನಿಲ್ಲಿಸಿ. ಹುಳ, ಸಣ್ಣ ಸಿಗಡಿ, ನೀರಿನ ಕೀಟ ಇವುಗಳ ಆಹಾರ. ಮನೆಯಲ್ಲಿ ಅದೆಲ್ಲ ಮುಟ್ಟಲು ಹಿರಿಯರಿಗೆ ಕಸಿವಿಸಿ ಆಗಬಹುದು. ತಳಕ್ಕೆ ಮುಳುಗುವ ಒಣ ಗುಳಿಗೆ ಅಂಗಡಿಯಲ್ಲಿ ಸಿಗುತ್ತದೆ, ಅದು ಸಾಕು. ಮಾಣಿಗೆ ಅಡ್ಡಿಯಿಲ್ಲದಿದ್ದರೆ ವಾರಕ್ಕೊಮ್ಮೆ ಔಷಧಿ ಬೀಳದ ಜಾಗದ ಎರೆಹುಳ ಒಂದನ್ನು ತೊಳೆದು ಹಾಕಲಿ. ದಿನಕ್ಕೆ ಒಂದೇ ಸಲ, ಲೈಟು ಆರಿದ ಮೇಲೆ. ಬೆಳಗ್ಗೆ ಗುಳಿಗೆ ಉಳಿದಿದ್ದರೆ ಜಾಸ್ತಿಯಾಯಿತೆಂದು ಅರ್ಥ.

ಇನ್ನು ಹಳ್ಳಕ್ಕೆ ಬಿಡುವ ಪ್ರಶ್ನೆ. ಬರಿ ಗಿರ್ಲು ಮಾತ್ರ ಇದ್ದು, ಎರಡು ಮೂರು ದಿನವಷ್ಟೇ ಆಗಿದ್ದರೆ, ಹಿಡಿದ ಜಾಗಕ್ಕೇ ಬಿಡಿ ಎನ್ನುತ್ತಿದ್ದೆ. ಈಗ ಅದೇ ನೀರಿನಲ್ಲಿ ಅಂಗಡಿಯ ಸಕ್ಕರ್ ಮೀನು ಇದೆ. ಅದು ಎಲ್ಲೆಲ್ಲಿಯ ಮೀನುಗಳ ಜೊತೆ ಇದ್ದು ಬಂದಿದೆಯೋ, ಅವುಗಳ ರೋಗ, ಪರೋಪಜೀವಿ ನಿಮ್ಮ ಗಿರ್ಲಿಗೆ ಅಂಟಿರಬಹುದು. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಇರಬಹುದು. ಮೂರು ಮೀನಿಗಾಗಿ ಇಡೀ ಹಳ್ಳವನ್ನು ಆ ಅಪಾಯಕ್ಕೆ ಒಡ್ಡಲು ನನಗೆ ಮನಸ್ಸಿಲ್ಲ. ಇವು ನಿಮ್ಮಲ್ಲೇ ಇರಲಿ. ತೆಗೆದ ಹಳೆ ನೀರನ್ನೂ ಕಾದಿಗೆಗೆ ಚೆಲ್ಲದೆ ಹೂವಿನ ಗಿಡದ ಬುಡಕ್ಕೆ ಹಾಕಿ.

ಸಕ್ಕರ್ ಮೀನನ್ನು ಅಂಗಡಿಗೆ ವಾಪಸ್ ಕೊಡಿ. ಅದು ತೊಟ್ಟಿ ತೊಳೆಯುತ್ತದೆ ಎಂಬುದು ತಪ್ಪು ನಂಬಿಕೆ. ಸ್ವಲ್ಪ ಪಾಚಿ ತಿನ್ನುತ್ತದೆ, ಅದಕ್ಕಿಂತ ಜಾಸ್ತಿ ಹೊಲಸು ಮಾಡುತ್ತದೆ. ಒಂದು ಅಡಿಗೂ ಮೀರಿ ಬೆಳೆಯುತ್ತದೆ. ದಕ್ಷಿಣ ಅಮೆರಿಕದ ಈ ಮೀನನ್ನು ಸಾಕಲಾರದೆ ಜನ ಕೆರೆ ಹೊಳೆಗೆ ಬಿಟ್ಟು, ನಮ್ಮ ದೇಶದ ಎಷ್ಟೋ ಕಡೆ ಅದು ಬೇರೂರಿಬಿಟ್ಟಿದೆ. ಮುಗುಡು ಮರಿ ಎಂದು ಯಾರಾದರೂ ಮಾರಲು ಬಂದರೂ ಎಚ್ಚರ. ಅದು ಆಫ್ರಿಕನ್ ಕ್ಯಾಟ್‌ಫಿಶ್ ಇರಬಹುದು, ಸಿಕ್ಕ ಮೀನನ್ನೆಲ್ಲ ನುಂಗುವ ಜಾತಿ. ಅದರ ಸಾಕಣೆಯನ್ನೇ ಸರ್ಕಾರ ನಿಷೇಧಿಸಿದೆ.

ಇನ್ನಷ್ಟು ಗಿರ್ಲು ಹಿಡಿದು ತರುವುದು ಈಗ ಬೇಡ. ಜೂನ್, ಜುಲೈನಲ್ಲಿ ಹಳ್ಳದಿಂದ ಗದ್ದೆ, ಕಾದಿಗೆಗೆ ಹತ್ತಿ ಬರುವ ಮೀನು ಬರುವುದೇ ಮೊಟ್ಟೆ ಇಡಲು. ಆಗ ಒಂದನ್ನು ಎತ್ತಿದರೆ ಅದರ ಹೊಟ್ಟೆಯಲ್ಲಿದ್ದದ್ದೂ ಹೋದಂತೆ. ಅಭಯಾರಣ್ಯ, ಹುಲಿ ಸಂರಕ್ಷಿತ ಪ್ರದೇಶದೊಳಗಿನ ಹಳ್ಳಕ್ಕಂತೂ ಕೈ ಹಾಕಬಾರದು, ಅದು ಕಾನೂನಿಗೆ ವಿರುದ್ಧ. ಇನ್ನೂ ಒಂದು ಮಾತು ಮಾಣಿಗೆ ಹೇಳಿ. ನಮ್ಮ ಶರಾವತಿಯಿಂದ 2004ರಲ್ಲಿ ಒಂದು ಸಣ್ಣ ಮೀಸೆ ಮೀನನ್ನು ಹೊಸ ಜಾತಿಯೆಂದು ಗುರುತಿಸಿ ಬಟಾಸಿಯೊ ಶರಾವತಿಯೆನ್ಸಿಸ್ ಎಂದು ಹೆಸರಿಟ್ಟರು. ಅಲ್ಲಿಯವರೆಗೆ ವಿಜ್ಞಾನದ ಪುಸ್ತಕದಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ಅವನು ಕಲ್ಲಿನಡಿ ಹಿಡಿದದ್ದೂ ಹಾಗೆ ಇನ್ನೂ ಹೆಸರಿಡದ ಒಂದು ಜಾತಿ ಇರಬಹುದಲ್ವಾ? ಇನ್ನು ಮುಂದೆ ಹಳ್ಳದಲ್ಲಿ ಕಂಡದ್ದನ್ನು ಫೋಟೊ ತೆಗೆದು, ದಿನ, ಜಾಗ ಬರೆದಿಡಲಿ.

ತೊಟ್ಟಿಗೆ ಜೊತೆ ಬೇಕೇ ಬೇಕೆಂದರೆ ಆರು ವಾರ ಕಾಯಿರಿ. ಬೇರೆ ತೊಟ್ಟಿ ಮಾಡುವ ಮನಸ್ಸಿದ್ದರೆ ಕೋರಿಡೋರಸ್ ಎಂಬ ಮೀಸೆ ಮೀನು ಒಳ್ಳೆಯದು. ಸಾಕಣೆಯಲ್ಲೇ ಹುಟ್ಟಿದ ಮರಿಗಳು ಸಿಗುತ್ತವೆ. ಎರಡರಿಂದ ಮೂರು ಇಂಚು ಬೆಳೆಯುತ್ತದೆ, ಹಗಲೂ ಓಡಾಡುತ್ತದೆ. ಐದಾರು ಒಟ್ಟಿಗೆ ಇಟ್ಟರೆ ಎರಡು ಅಡಿಯ ಬೇರೆ ತೊಟ್ಟಿಯೇ ಅವಕ್ಕೆ ಸಾಕು. ಗಿರ್ಲಿನ ಜೊತೆ ಮಾತ್ರ ಹಾಕಬೇಡಿ.

ಹಗಲೆಲ್ಲ ಅಡಗಿರುತ್ತವೆ ಎಂದು ಬೇಸರ ಮಾಡಿಕೊಂಡಿದ್ದೀರಿ. ಅದು ರೋಗವಲ್ಲ, ಅವು ರಾತ್ರಿ ತಿರುಗುವ ಮೀನು. ಬಾಯಿ ಬಿಡುವುದು ನಿಂತು, ಎರಡು ವಾರ ಕಳೆದ ಮೇಲೆ ಒಂದು ದಿನ ಹೀಗೆ ಮಾಡಿ. ರಾತ್ರಿ ಊಟವಾದ ಮೇಲೆ ಕೋಣೆಯ ದೀಪ ಆರಿಸಿ. ಟಾರ್ಚಿಗೆ ಕೆಂಪು ಹಾಳೆ ಸುತ್ತಿ, ತೊಟ್ಟಿಯ ಬದಿಯಿಂದ ಹಿಡಿಯಿರಿ. ಕೆಂಪು ಬೆಳಕು ಅವಕ್ಕೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ನಾಲ್ಕು ಗುಳಿಗೆ ಹಾಕಿ, ಮಾಣಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹತ್ತು ನಿಮಿಷ ಸುಮ್ನೆ ಕಾಯಿರಿ. ಮೊದಲು ಪೈಪಿನ ಬಾಯಲ್ಲಿ ಮೀಸೆ ಕಾಣುತ್ತದೆ.